ಬರೆಯದೆ ಬಿಟ್ಟ ನಲವತ್ತಾರು

ಬೆಟಗೇರಿಯ ನಮ್ಮ ಮನೆಯಲ್ಲಿ ಅವ್ವನ ಪೂಜೆಗೆ ಇಪ್ಪತ್ತೆರಡು ನಿಮಿಷ ಬೇಕಾಗುತ್ತಿತ್ತು. ಅದನ್ನು ನಾನು ಗಡಿಯಾರ ನೋಡಿ ಅಳೆದಿದ್ದೆ, ಭಕ್ತಿಯಿಂದಲ್ಲ. ಅವಳಿಗೆ ಇನ್ಸುಲಿನ್ ಶುರುವಾದ ಮೇಲೆ ಸೂಜಿಗೂ ಮೊದಲ ತುತ್ತಿಗೂ ನಡುವೆ ಎಷ್ಟು ಹೊತ್ತು ಹೋಗುತ್ತದೆ ಎಂದು ನೋಡಿಕೊಳ್ಳುವುದು ನನ್ನ ಪಾಲಿನ ಕೆಲಸವಾಗಿತ್ತು.

ಮನೆಯಲ್ಲಿ ನಾವಿಬ್ಬರೇ. ಅಪ್ಪ ಹೋಗಿ ಐದು ವರ್ಷ. ಅವ್ವ ಒಂದು ಹೈಸ್ಕೂಲಿನಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತಳಾದಳು. ಅದೇ ವರ್ಷ ಚಪ್ಪಲಿ ಕಚ್ಚಿದ ಗಾಯ ಎರಡು ತಿಂಗಳಾದರೂ ಮಾಯಲಿಲ್ಲ. ಗದಗಿನಲ್ಲಿ ನಾವು ತೋರಿಸುತ್ತಿದ್ದ ಡಾಕ್ಟರು ಮುಂಡರಗಿ ಕಡೆಯವರು, ಮಾತು ಸಲೀಸು. ಬರೀ ಗುಳಿಗೆಯಿಂದ ಆಗುವುದಿಲ್ಲ ಎಂದು ದಿನಕ್ಕೆರಡು ಸಲ ಚುಚ್ಚಿಕೊಳ್ಳುವ ಪೆನ್ನು ಬರೆದುಕೊಟ್ಟರು. ಮುಂಜಾನೆ ನಾಷ್ಟಾ ಎಷ್ಟಕ್ಕೆ ಎಂದು ಕೇಳಿದರು. ಎಂಟಕ್ಕೆ ಎಂದಳು ಅವ್ವ. ಹಾಗಾದರೆ ಏಳೂವರೆಗೆ ಸೂಜಿ ಎಂದು ಬರೆದರು. ನಡುವೆ ಸ್ನಾನವಿದೆ, ಪೂಜೆಯಿದೆ, ಪೂಜೆ ಮುಗಿಯದೆ ಅವಳು ಹನಿ ನೀರನ್ನೂ ಬಾಯಿಗೆ ಹಾಕುವುದಿಲ್ಲ ಎಂಬುದನ್ನು ಅವರು ಕೇಳಲಿಲ್ಲ. ನಾವು ಹೇಳಲಿಲ್ಲ. ಡಾಕ್ಟರ ಮುಂದೆ ಹೇಳುವ ವಿಷಯ ಅದು ಎಂದು ನಮಗೆ ಅನಿಸಿರಲೇ ಇಲ್ಲ.

ಸಕ್ಕರೆ ಇಳಿದರೆ ಬೆವರು, ನಡುಕ, ಹಸಿವು, ಮಾತು ತೊದಲುವುದು, ಮಂಕು ಕವಿಯುವುದು; ಏರಿದರೆ ನೀರಡಿಕೆ, ಪದೇ ಪದೇ ಮೂತ್ರ, ಕಣ್ಣು ಮಂಜಾಗುವುದು. ಅವರು ಹೇಳಿದ್ದನ್ನು ನಾನು ಒಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡೆ. ಎರಡರಲ್ಲೂ ಸುಸ್ತು ಇದೆಯಲ್ಲ, ತಿಳಿಯುವುದು ಹೇಗೆ ಎಂದು ಅವ್ವ ಕೇಳಿದಳು.

“ತಿಳೀಲಿಲ್ಲಂದ್ರ ಬಟ್ಟು ಚುಚ್ಚಿ ನೋಡೂದ್ರಿ ಅಕ್ಕಾರ,” ಎಂದರು ಡಾಕ್ಟರು. “ನಿಮಗ ನನ್ನ ಮುಂದ ಹೇಳಾಕ ಸಂಕೋಚ ಇರಬಹುದು. ಮಷಿನ್ನಿಗೆ ಏನ ಸಂಕೋಚ.”

ಅವ್ವನದು ಒಂದೇ ಷರತ್ತಿತ್ತು. ಲಕ್ಷ್ಮೇಶ್ವರದಲ್ಲಿರುವ ಅವಳ ತವರಿಗೆ ಸೂಜಿಯ ವಿಷಯ ಗೊತ್ತಾಗಕೂಡದು. ಅವಳ ಅಪ್ಪನಿಗೆ ಕೊನೆಯ ವರ್ಷದಲ್ಲಿ ಸೂಜಿ ಶುರುವಾಗಿತ್ತು. ಆ ಮನೆಯಲ್ಲಿ ಸೂಜಿ ಎಂದರೆ ಇನ್ನು ದಿನ ಎಣಿಸುವುದು ಎಂದೇ ಅರ್ಥ. ನಾನು ಒಪ್ಪಿದೆ. ಇನ್ನೊಬ್ಬರ ವಿಷಯವನ್ನು ನನ್ನೊಳಗೆ ಇಟ್ಟುಕೊಳ್ಳುವುದು ನನಗೆ ಎಂದೂ ಕಷ್ಟವಾಗಿಲ್ಲ.

ಶ್ರಾವಣದ ಒಂದು ಸೋಮವಾರ ಲಕ್ಷ್ಮೇಶ್ವರದ ಮಾವನ ಮನೆಯಲ್ಲಿ ಅಯ್ಯನವರ ಪ್ರಸಾದವಿತ್ತು. ಮನೆತನದ ಗುರುಗಳಾದ ಅಯ್ಯನವರು ಶಿರಹಟ್ಟಿ ಕಡೆಯಿಂದ ಬಂದು, ಪಾದಪೂಜೆ ಮಾಡಿಸಿಕೊಂಡು, ಊಟ ಮಾಡಿದ ಮೇಲೆಯೇ ಮನೆಯವರು ಉಣ್ಣುವುದು. ನಾವು ಹಿಂದಿನ ದಿನವೇ ಹೋಗಿದ್ದೆವು. ಏಳೂವರೆಗೆ ಸರಿಯಾಗಿ ಅವ್ವ ಬಚ್ಚಲಿನಲ್ಲಿ ಸೂಜಿ ತೆಗೆದುಕೊಂಡಳು. ಪೆನ್ನನ್ನು ನಾನು ನನ್ನ ಟವೆಲ್ಲಿನಲ್ಲಿ ಸುತ್ತಿ ಹೊರಗೆ ತಂದೆ. ಸ್ನಾನ ಮುಗಿಸಿ ಅವಳು ದೇವರ ಕೋಣೆಯಲ್ಲಿ ಕುಳಿತಳು. ಹಣೆಗೆ ವಿಭೂತಿ, ಕರಡಿಗೆಯಿಂದ ತೆಗೆದ ಲಿಂಗ ಎಡ ಅಂಗೈಯ ಮೇಲೆ, ನೀರು, ಪತ್ರಿ, ಆಮೇಲೆ ಲಿಂಗದ ಮೇಲೆ ನಟ್ಟ ನೋಟ.

ಎಂಟೂ ಇಪ್ಪತ್ತಾದರೂ ಅಯ್ಯನವರು ಬಂದಿರಲಿಲ್ಲ. ನಾನು ಹತ್ತಿರ ಹೋಗಿ ಕಿವಿಯಲ್ಲಿ, ಪೂಜೆ ಮುಗಿಸಿ ಏನಾದರೂ ತಿಂದುಬಿಡು ಎಂದೆ. ಅಯ್ಯನವರು ಉಣ್ಣುವ ಮೊದಲು ತಾನು ಹೇಗೆ ತಿನ್ನಲಿ, ಎದ್ದು ಬಂದರೆ ಎಲ್ಲರೂ ಚಹಾ ಕುಡಿ ಎನ್ನುತ್ತಾರೆ, ಅದಕ್ಕಿಂತ ಇಲ್ಲೇ ಕುಳಿತಿರುತ್ತೇನೆ ಎಂದು ಅವಳು ತುಟಿ ಅಲುಗಿಸದೆ ಹೇಳಿದಳು. ನಾನು ಅಡುಗೆಮನೆಗೆ ಹೋದೆ. ಹೋಳಿಗೆಗೆ ಹೂರಣ ರುಬ್ಬುವುದಿತ್ತು.

ಒಂಬತ್ತರ ಸುಮಾರಿಗೆ ಅತ್ತೆ, ಮಾವನ ಹೆಂಡತಿ, ನನ್ನ ಮೊಣಕೈ ಹಿಡಿದು ದೇವರ ಕೋಣೆಯ ಬಾಗಿಲಿಗೆ ಕರೆದುಕೊಂಡು ಹೋದಳು. ಅಲ್ಲಿ ಆಗಲೇ ಮೂರ್ನಾಲ್ಕು ಹೆಂಗಸರು ನಿಂತಿದ್ದರು. ಅವ್ವ ಕಲ್ಲಿನಂತೆ ಕುಳಿತಿದ್ದಳು. ಕಣ್ಣು ಅರ್ಧ ತೆರೆದಿತ್ತು, ರೆಪ್ಪೆ ಬಡಿಯುತ್ತಿರಲಿಲ್ಲ. ತುಟಿಯ ಮೇಲೆ ಒಂದು ಸಣ್ಣ ನಗುವಿತ್ತು.

“ನೋಡು ನಿಮ್ಮವ್ವನ್ನ,” ಎಂದಳು ಅತ್ತೆ, ಉಸಿರಿನಷ್ಟು ಮೆಲ್ಲಗೆ. “ಎಲ್ಲಿ ಹೋಗ್ಯಾರ ನೋಡು.”

ಆ ಹೊತ್ತು ನನಗೂ ಹಾಗೆಯೇ ಅನಿಸಿತು. ಇದನ್ನು ಹೇಳಲೇಬೇಕು. ಅಪ್ಪ ಹೋದ ಮೇಲೆ ಅವ್ವನ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಕಂಡಿರಲಿಲ್ಲ. ಒಂದು ನಿಮಿಷವಾದರೂ ಅದನ್ನೇ ನೋಡುತ್ತ ನಿಂತಿದ್ದೆ. ಆಮೇಲೆ ಹಣೆಯ ವಿಭೂತಿ ಕಣ್ಣಿಗೆ ಬಿತ್ತು. ಮೂರು ಪಟ್ಟೆಗಳೂ ನಡುವೆ ಕತ್ತರಿಸಿಹೋಗಿದ್ದವು. ಬೂದಿ ಬೆವರಿನೊಂದಿಗೆ ಹುಬ್ಬಿನವರೆಗೆ ಇಳಿದಿತ್ತು. ಹೊರಗೆ ಜಿಟಿಜಿಟಿ ಮಳೆ, ನಾವೆಲ್ಲ ಚಳಿಗೆ ಸೆರಗು ಹೊದ್ದು ನಿಂತಿದ್ದೆವು.

ನಾನು ಒಳಗೆ ಹೋಗಿ, ಹೆಂಗಸರಿಗೆ ಬೆನ್ನು ಮಾಡಿ ಅವಳೆದುರು ಕುಳಿತೆ. ಬಲಗೈ ತಣ್ಣಗೆ, ಒದ್ದೆ. ಸೊಂಟದ ಚೀಲದಲ್ಲಿದ್ದ ಸಕ್ಕರೆ ನೋಡುವ ಮಷಿನ್ ತೆಗೆದು ಬೆರಳು ಚುಚ್ಚಿದೆ. ಅವಳಿಗೆ ಗೊತ್ತೇ ಆಗಲಿಲ್ಲ. ನಲವತ್ತಾರು. ಎಪ್ಪತ್ತರ ಕೆಳಗೆ ಹೋದರೆ ತಡಮಾಡಬಾರದು ಎಂದು ಡಾಕ್ಟರು ಹೇಳಿದ್ದರು.

ಆಗಲೇ ಹೊರಗೆ ಅಯ್ಯನವರು ಬಂದ ಸದ್ದಾಯಿತು. ಎಲ್ಲರಿಗೂ ಕೂಗಿ ಹೇಳಿದರೆ ಸೂಜಿಯ ಮಾತು ಹೊರಬೀಳುತ್ತಿತ್ತು. ಪೂಜೆ ಮುಗಿಯದೆ ಅವ್ವ ಬಾಯಿ ತೆರೆಯುತ್ತಲೂ ಇರಲಿಲ್ಲ. ನಾನು ಎದ್ದು ಅಡುಗೆಮನೆಗೆ ಹೋಗಿ, ಚಹಾದ ಸಕ್ಕರೆಯನ್ನು ಮುಷ್ಟಿಯಲ್ಲಿ ತಂದು, ಲಿಂಗಕ್ಕೆ ಎರೆದ ನೀರಿದ್ದ ಬಟ್ಟಲಿಗೆ ಹಾಕಿ ಬೆರಳಿನಿಂದ ಕಲಸಿದೆ. ಪೂಜೆಯ ಕೊನೆಗೆ ಕುಡಿಯುವ ಪಾದೋದಕ ಅದು. ಎಡಗೈಯನ್ನು ಅವಳ ಅಂಗೈಯ ಕೆಳಗೆ ಆನಿಸಿ, ಬಟ್ಟಲನ್ನು ತುಟಿಗೆ ಹಿಡಿದೆ. ಪೂಜೆ ಮುಗಿಯಿತು ಎಂದುಕೊಂಡಿರಬೇಕು, ಗುಟುಕು ಗುಟುಕಾಗಿ ಕುಡಿದಳು.

ಹದಿನೈದು ನಿಮಿಷಕ್ಕೆ ಎಪ್ಪತ್ತೆಂಟು. ಇನ್ನೊಂದು ಸಲ ಬಟ್ಟಲು ಹಿಡಿದೆ. ಕಣ್ಣಿಗೆ ಬೆಳಕು ಬಂತು, ಎದುರಿಗಿದ್ದ ನನ್ನನ್ನು ಗುರುತಿಸಿದಳು, ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಯಲ್ಲಿಟ್ಟಳು. ಬಾಗಿಲಲ್ಲಿ ನಿಂತಿದ್ದ ಅಯ್ಯನವರು, ತಾಯಿ ಪುಣ್ಯವಂತರು ಎಂದರು. ಅತ್ತೆ ಬಗ್ಗಿ ಅವ್ವನ ಕಾಲು ಮುಟ್ಟಿದಳು. ಅವಳ ಹಿಂದೆ ಉಳಿದ ಹೆಂಗಸರೂ ಮುಟ್ಟಿದರು. ನಾನು ಮಷಿನ್ನನ್ನು ಚೀಲದೊಳಗೆ ತಳ್ಳಿ, ಬಟ್ಟಲು ತೊಳೆಯಲು ಹೋದೆ.

ಮರಳಿ ಬರುವಾಗ ಬಸ್ಸು ಮುಳಗುಂದ ದಾಟಿದ ಮೇಲೆ ಅವ್ವ ತಾನಾಗಿಯೇ ಮಾತು ತೆಗೆದಳು. ಕೈಯೊಳಗಿನ ಲಿಂಗ ದೂರ ದೂರ ಹೋಯಿತಂತೆ. ಸುತ್ತ ಎಲ್ಲ ಬೆಳ್ಳಗಾಯಿತಂತೆ. ಯಾರೋ ಹಿಂದೆ ನಿಂತು ಹೆಗಲ ಮೇಲಿನ ಭಾರ ಇಳಿಸಿಕೊಂಡಂತಾಯಿತಂತೆ.

“ನಿಮ್ಮಪ್ಪ ಹ್ವಾದ ಮ್ಯಾಲ ಇಷ್ಟು ಹಗುರ ಆಗಿರಲಿಲ್ಲವ್ವಾ ನನಗ,” ಎಂದಳು.

ನಾನು ಹೂಂ ಎಂದೆ. ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ಅಂದಿನ ತಾರೀಕು ಬರೆದೆ. ಅದರ ಮುಂದಿನ ಜಾಗವನ್ನು ಖಾಲಿ ಬಿಟ್ಟೆ. ನಾಗಾವಿಯ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ನನ್ನ ಕೆಲಸವೇ ಹಳ್ಳಿಗಳಿಂದ ಬಂದ ಸಮೀಕ್ಷೆಯ ಹಾಳೆಗಳನ್ನು ತಿದ್ದುವುದು. ಹಿರೇಹಂದಿಗೋಳದಿಂದ ಬಂದ ಹಾಳೆಯಲ್ಲಿ ಒಂದು ಚೌಕ ಖಾಲಿ ಇದ್ದರೂ ನಾನು ಕೇಳಿ ತುಂಬಿಸುತ್ತಿದ್ದೆ.

ಆಮೇಲೆ ಅವ್ವನ ಪೂಜೆ ಉದ್ದವಾಯಿತು. ಮೊದಲು ಅರ್ಧ ಗಂಟೆ, ಮುಂದೆ ಎಷ್ಟು ಎಂದು ನನಗೆ ಗೊತ್ತಾಗುತ್ತಿರಲಿಲ್ಲ. ಎಂಟೂ ಹತ್ತಕ್ಕೆ ನಾನು ಬಸ್ಸಿಗೆ ಹೊರಡುತ್ತಿದ್ದೆ. ಅವಳು ಇನ್ನೂ ಮಣೆಯ ಮೇಲೆ ಇರುತ್ತಿದ್ದಳು. ತಿಂಡಿಯನ್ನು ಮುಚ್ಚಿಟ್ಟಿದ್ದೇನೆ, ಬೇಗ ಮುಗಿಸು ಎಂದು ಬಾಗಿಲಿನಿಂದ ಹೇಳಿ ಹೋಗುತ್ತಿದ್ದೆ. ಅವಳು ತಲೆಯಾಡಿಸುತ್ತಿದ್ದಳು. ಬರೀ ಹೊಟ್ಟೆಯ ಅಂಕಿ ನಾನಿದ್ದಾಗಲೇ ನೋಡುತ್ತಿದ್ದೆವು, ಅದು ಸರಿಯಾಗಿರುತ್ತಿತ್ತು. ನಾಷ್ಟಾದ ಎರಡು ತಾಸಿನ ಮೇಲಿನದನ್ನು ಅವಳೇ ನೋಡಿ ಬರೆದಿಡುತ್ತಿದ್ದಳು. ಅದು ಇನ್ನೂರ ಎಂಬತ್ತು, ಮುನ್ನೂರ ಹತ್ತು ಎಂದು ಏರತೊಡಗಿತು. ಸಂಜೆ ನಾನು ಬರುವ ಹೊತ್ತಿಗೆ ಎರಡು ತಂಬಿಗೆ ನೀರು ಖಾಲಿಯಾಗಿರುತ್ತಿತ್ತು. ಪೇಪರಿನ ಅಕ್ಷರ ಕಾಣುವುದಿಲ್ಲ, ಚಷ್ಮಾ ಬದಲಿಸಬೇಕು ಎನ್ನುತ್ತಿದ್ದಳು. ಡಬ್ಬಿಯ ಬೆಲ್ಲ ಬೇಗ ಮುಗಿಯುತ್ತಿತ್ತು. ಕೇಳಿದರೆ, ಪೂಜೆ ಆದಮೇಲೆ ಹಸಿವು ತಡೆಯಲಾಗುವುದಿಲ್ಲ, ಕೈಗೆ ಸಿಕ್ಕಿದ್ದು ತಿನ್ನುತ್ತೇನೆ ಎಂದಳು.

ನೋಟ್‌ಬುಕ್ ಹಿಡಿದು ಇಬ್ಬರೂ ಡಾಕ್ಟರ ಬಳಿ ಹೋದೆವು. ಅವರು ಬೆರಳಿನಿಂದ ಅಂಕಿಗಳ ಸಾಲು ಇಳಿಯುತ್ತ ಬಂದರು. ನಡುವೆ ಯಾವಾಗಾದರೂ ಇಳಿದಿತ್ತೇನು ಎಂದು ಕೇಳಿದರು. ಅವ್ವ ಇಲ್ಲ ಎಂದಳು. ಅವಳ ಮಟ್ಟಿಗೆ ಅದು ಸತ್ಯ. ಡಾಕ್ಟರು ನನ್ನ ಮುಖ ನೋಡಿದರು. ಲಕ್ಷ್ಮೇಶ್ವರದ ಆ ಮುಂಜಾನೆಯನ್ನು ಹೇಳಿದರೆ ಅವ್ವ ಪಕ್ಕದಲ್ಲೇ ಕುಳಿತು ಕೇಳಿಸಿಕೊಳ್ಳುತ್ತಾಳೆ. ಹಗುರಾದೆ ಎಂದಿದ್ದಳಲ್ಲ, ಆ ಮಾತನ್ನು ಅವಳ ಬಾಯಿಂದ ಕಿತ್ತುಕೊಂಡಂತಾಗುತ್ತದೆ. ನಾನೂ ಇಲ್ಲ ಎಂದೆ. ಅವರು ಮುಂಜಾನೆಯ ಸೂಜಿಯನ್ನು ಎರಡು ಯೂನಿಟ್ ಹೆಚ್ಚಿಸಿದರು.

ನಾನು ಓದಿದವಳು. ಏರಿದ ಅಂಕಿಯ ಹಿಂದೆ ಇಳಿದ ಅಂಕಿ ಅಡಗಿರಬಹುದು, ಇಳಿದಾಗಿನ ಹಸಿವಿಗೆ ತಿಂದ ಬೆಲ್ಲವೇ ಅದನ್ನು ಏರಿಸುತ್ತಿರಬಹುದು ಎಂಬ ಸಂಶಯ ನನಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂದಿತ್ತು. ಆದರೆ ಅದನ್ನು ನೋಡಲು ಒಂದು ದಿನ ಮನೆಯಲ್ಲಿ ಉಳಿಯಬೇಕಿತ್ತು, ಉಳಿದರೆ ಕಾಣಬೇಕಿತ್ತು, ಕಂಡರೆ ಹೇಳಬೇಕಿತ್ತು. ಪ್ರತಿ ಮುಂಜಾನೆ ಬಸ್ಸು ಹತ್ತುತ್ತಿದ್ದೆ.

ದೀಪಾವಳಿ ಮುಗಿದ ವಾರ ಒಂದು ದಿನ ನಾಗಾವಿಯ ಬಸ್ಸು ಬರಲೇ ಇಲ್ಲ. ಮುಕ್ಕಾಲು ಗಂಟೆ ಕಾದು ಮನೆಗೆ ಮರಳಿದೆ. ಒಂಬತ್ತೂ ಕಾಲು. ಮುಚ್ಚಿಟ್ಟ ಉಪ್ಪಿಟ್ಟು ಮುಚ್ಚಿದಂತೆಯೇ ಇತ್ತು. ಪೆನ್ನಿನ ಸೂಜಿಯ ಟೊಪ್ಪಿಗೆ ಕಿಟಕಿಯ ಕಲ್ಲಿನ ಮೇಲೆ ಬಿದ್ದಿತ್ತು. ಅವ್ವ ದೇವರ ಕೋಣೆಯಲ್ಲಿ, ಅದೇ ನೋಟ, ಅದೇ ನಗು. ರವಿಕೆ ಬೆವರಿಗೆ ಬೆನ್ನಿಗಂಟಿತ್ತು. ಅಂಗೈ ಓರೆಯಾಗಿ, ಪತ್ರಿ ಜಾರಿ ತೊಡೆಯ ಮೇಲೆ ಬಿದ್ದಿತ್ತು. ಲಿಂಗವೂ ಜಾರುವುದರಲ್ಲಿತ್ತು. ಮೊದಲು ಅದನ್ನು ತೆಗೆದು ಕರಡಿಗೆಯಲ್ಲಿಟ್ಟೆ. ಅದು ಬಿದ್ದರೆ ಅವ್ವ ಇನ್ನೇನನ್ನೂ ಸಹಿಸಲಾರಳು ಎಂಬುದಷ್ಟೇ ತಲೆಯಲ್ಲಿತ್ತು. ಆಮೇಲೆ ಬೆರಳು ಚುಚ್ಚಿದೆ. ಮೂವತ್ತೊಂಬತ್ತು.

ಸಕ್ಕರೆ ನೀರು ಬಾಯಿಗೆ ಹಿಡಿದರೆ ಕೈಯಿಂದ ದೂಡಿದಳು. ಅರ್ಧ ನೀರು ಸೀರೆಯ ಮೇಲೆ ಚೆಲ್ಲಿತು.

“ಬ್ಯಾಡ,” ಎಂದಳು. ನಾಲಿಗೆ ತೊಡರುತ್ತಿತ್ತು. “ಈಗ ಬಂದೈತಿ. ಈಗ... ಬ್ಯಾಡ.”

ಆಗ ನನಗೆ ಎಲ್ಲ ತಿಳಿಯಿತು. ಅವಳು ಮರೆತು ಕುಳಿತಿರಲಿಲ್ಲ. ಅದಕ್ಕಾಗಿ ಕಾಯುತ್ತ ಕುಳಿತಿದ್ದಳು. ದಿನವೂ ಸೂಜಿ ಚುಚ್ಚಿಕೊಂಡು, ಉಣ್ಣದೆ, ಆ ಬಿಳಿ ಬೆಳಕು ಬರಲಿ ಎಂದು. ಅದು ಸೂಜಿಯಿಂದ ಬರುತ್ತದೆ ಎಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ನುಂಗಲು ಬರುತ್ತದೆಯೇ ಎಂದು ಗಂಟಲು ಮುಟ್ಟಿ ನೋಡಿದೆ. ಎಂಜಲು ನುಂಗುತ್ತಿದ್ದಳು. ಜೋನಿ ಬೆಲ್ಲವನ್ನು ಬೆರಳಿಗೆ ತೆಗೆದುಕೊಂಡು ಕೆನ್ನೆಯ ಒಳಗೆ, ಒಸಡಿಗೆ ಸ್ವಲ್ಪ ಸ್ವಲ್ಪವಾಗಿ ಸವರುತ್ತ ಹೋದೆ. ಒಮ್ಮೆ ಬೆರಳು ಕಚ್ಚಿದಳು. ಸವರುವುದನ್ನು ಬಿಡಲಿಲ್ಲ. ಕೆಲವು ನಿಮಿಷಗಳಾದ ಮೇಲೆ ತಾನಾಗಿಯೇ ಚಪ್ಪರಿಸಿದಳು. ನೀರು ಕೊಟ್ಟರೆ ಕುಡಿದಳು. ಹದಿನೈದು ನಿಮಿಷಕ್ಕೆ ಅರವತ್ತೆರಡು. ಮತ್ತೆ ಬೆಲ್ಲ, ಮತ್ತೆ ಹದಿನೈದು ನಿಮಿಷ. ತೊಂಬತ್ತಾರು ಆದಮೇಲೆ ಉಪ್ಪಿಟ್ಟು ತಿನ್ನಿಸಿದೆ. ತಿನ್ನುತ್ತ ತಿನ್ನುತ್ತ ಕೇಳಿದಳು:

“ನೀ ಹೋಗಲಿಲ್ಲೇನು ಇವತ್ತ? ಸೀರಿ ಯಾಕ ತೊಯ್ದೈತಿ?”

ಹೇಳಿದೆ. ನಾನು ಬರೆದಷ್ಟು ಸುಲಭವಾಗಿ ಮಾತಾಡುವವಳಲ್ಲ. ನೆಲ ನೋಡುತ್ತ ಹೇಳಿದೆ. ಸಕ್ಕರೆ ಮೂವತ್ತೊಂಬತ್ತಕ್ಕೆ ಇಳಿದಿತ್ತು, ಬೆಳಕು ಕಾಣುವುದು, ಹಗುರಾಗುವುದು ಅದರಿಂದಲೇ, ಇನ್ನೊಂದು ಅರ್ಧ ತಾಸು ನಾನು ಬಾರದಿದ್ದರೆ ನೀನು ಎಚ್ಚರ ತಪ್ಪುತ್ತಿದ್ದೆ ಎಂದೆ. ಅವಳು ತಟ್ಟೆಯನ್ನು ಕೆಳಗಿಟ್ಟಳು.

“ಲಕ್ಷ್ಮೇಶ್ವರದಾಗನೂ?”

“ಹೌದವ್ವಾ.”

“ನಿನಗ ಹೆಂಗ ಗೊತ್ತು?”

ಮಷಿನ್ ತೆಗೆದು, ಗುಂಡಿ ಒತ್ತುತ್ತ ಹಿಂದಕ್ಕೆ ಹೋದೆ. ಮೂರು ತಿಂಗಳಿನ ಅಂಕಿಗಳು ಒಂದೊಂದಾಗಿ ಹೋದವು. ಶ್ರಾವಣದ ಆ ತಾರೀಕಿನಲ್ಲಿ ನಿಲ್ಲಿಸಿ ಅವಳ ಕೈಗೆ ಕೊಟ್ಟೆ. ಅವಳು ಚಷ್ಮಾ ಹಾಕಿಕೊಂಡು ಬಹಳ ಹೊತ್ತು ನೋಡಿದಳು. ಹೈಸ್ಕೂಲಿನಲ್ಲಿ ಹಾಜರಿ ಪುಸ್ತಕ ನೋಡುವಾಗ ಅವಳು ಹಾಗೆ ನೋಡುತ್ತಿದ್ದಳೇನೋ.

“ಆವಾಗ ಯಾಕ ಹೇಳಲಿಲ್ಲ?”

“ನಿನ್ನ ಮಾರಿ ನೋಡಿ ಹೇಳಾಕ ಆಗಲಿಲ್ಲ.”

ಅವಳು ಮಷಿನ್ನನ್ನು ನನ್ನ ಕೈಗೆ ಕೊಡಲಿಲ್ಲ, ನೆಲದ ಮೇಲಿಟ್ಟು ನನ್ನ ಕಡೆ ಸರಿಸಿದಳು. “ಮೂರು ತಿಂಗಳ ನಾನು ಹುಚ್ಚಿಗತೆ ಕುಂತೆ,” ಎಂದಳು. “ನೀನು ಗೊತ್ತಿದ್ದೂ ಬಸ್ ಹತ್ತಿ ಹೋದಿ.”

ಆ ದಿನ, ಮರುದಿನ ಅವಳು ನನ್ನೊಡನೆ ಬೇಕಾದಷ್ಟೇ ಮಾತಾಡಿದಳು. ಸೂಜಿ ತೆಗೆದುಕೊಂಡಳು, ಪೂಜೆಯನ್ನು ಹತ್ತು ನಿಮಿಷಕ್ಕೆ ಮುಗಿಸಿದಳು, ಪರೀಕ್ಷೆ ಬರೆದವರ ಹಾಗೆ ಎದ್ದು ಬಂದು ತಟ್ಟೆಯ ಮುಂದೆ ಕುಳಿತಳು. ಅದನ್ನು ನೋಡುವುದು ನನಗೆ ಬಸ್ ಹತ್ತುವುದಕ್ಕಿಂತ ಕಷ್ಟವಾಗಿತ್ತು.

ಡಾಕ್ಟರಿಗೆ ನಾನೇ ಎಲ್ಲ ಹೇಳಿದೆ, ಖಾಲಿ ಬಿಟ್ಟ ಜಾಗವನ್ನೂ ತೋರಿಸಿದೆ. ಅವರು ಬೈಯಲಿಲ್ಲ. ಹೆಚ್ಚಿಸಿದ್ದ ಎರಡು ಯೂನಿಟ್ಟನ್ನು ತೆಗೆದು ಇನ್ನೂ ಕಡಿಮೆ ಮಾಡಿದರು. ಪೂಜೆ ಎಷ್ಟು ಹೊತ್ತು ಬೇಕಾದರೂ ಆಗಲಿ, ಅದು ಮುಗಿದ ಮೇಲೆ ಸೂಜಿ, ಸೂಜಿಯ ಮೇಲೆ ಅರ್ಧ ಗಂಟೆಗೆ ಊಟ ಎಂದರು. “ಮೊದಲ ಕೇಳಬೇಕಿತ್ತು ನಾನು,” ಎಂದು ತಮಗೇ ಹೇಳಿಕೊಂಡರು. ಇಷ್ಟೇ ಇತ್ತು ಅದು, ಎರಡು ಕೆಲಸಗಳನ್ನು ಹಿಂದು ಮುಂದು ಮಾಡುವುದು.

ಹೊರಗೆ ಬಂದು ಆಟೋಕ್ಕೆ ಕಾಯುತ್ತ ನಿಂತಾಗ ಅವ್ವ ಕೇಳಿದಳು, ಸಕ್ಕರೆ ಸರಿ ಇದ್ದಾಗಲೂ ಅಂಥದ್ದು ಬರಬಹುದೇ ಎಂದು. ನನಗೆ ಗೊತ್ತಿಲ್ಲ ಎಂದೆ. ಅದಕ್ಕಿಂತ ಒಳ್ಳೆಯ ಉತ್ತರ ಈಗಲೂ ನನಗೆ ಸಿಕ್ಕಿಲ್ಲ.

ಕಾರ್ತಿಕದ ಕೊನೆಯ ಸೋಮವಾರ ಲಕ್ಷ್ಮೇಶ್ವರದಿಂದ ಮತ್ತೆ ಕರೆ ಬಂತು, ಅಯ್ಯನವರು ಬರುತ್ತಾರೆ ಎಂದು. ಅವ್ವ ಹೋಗಲಾರಳು ಎಂದುಕೊಂಡಿದ್ದೆ. ಹೊರಟಳು. ಅಲ್ಲಿ ಅತ್ತೆ ದೇವರ ಕೋಣೆಯಲ್ಲಿ ಹೊಸ ಚಾಪೆ ಹಾಸಿದ್ದಳು. ಓಣಿಯ ಹೆಂಗಸರು ಆರೇಳು ಮಂದಿ ಆಗಲೇ ಬಂದು ಪಡಸಾಲೆಯಲ್ಲಿ ಕುಳಿತಿದ್ದರು. ಅವ್ವ ಪೂಜೆ ಮಾಡಿದಳು. ಕಾಲು ಗಂಟೆ. ಎದ್ದು ಅಡುಗೆಮನೆಗೆ ಬಂದು, ಅತ್ತೆಯ ಎದುರಿಗೇ ಸೆರಗು ಸರಿಸಿ ಹೊಟ್ಟೆಗೆ ಸೂಜಿ ಚುಚ್ಚಿಕೊಂಡಳು. ಅತ್ತೆಯ ಕೈಯಲ್ಲಿದ್ದ ಸೌಟು ಹಾಗೆಯೇ ನಿಂತಿತು.

“ಅರ್ಧ ತಾಸಿಗೆ ನನಗ ಎರಡು ರೊಟ್ಟಿ ಹಾಕು,” ಎಂದಳು ಅವ್ವ. “ಅಯ್ಯನೋರ ದಾರಿ ಕಾಯಾಕ ಆಗೂದಿಲ್ಲ ನನಗ. ಆವತ್ತ ನಾನು ಧ್ಯಾನದಾಗ ಇರಲಿಲ್ಲ. ಸಕ್ಕರಿ ಇಳದಿತ್ತು.”

ಅತ್ತೆ ಸೌಟನ್ನು ಪಾತ್ರೆಯೊಳಗೆ ಇಟ್ಟಳು. “ಹಂಗನಬ್ಯಾಡ್ರಿ ಅಕ್ಕಾರ,” ಎಂದಳು. “ನಾವೆಲ್ಲಾ ಕಣ್ಣಾರೆ ನೋಡೇವಿ. ಸಕ್ಕರಿ ಇಳದವರು ನಗತಾರೇನ್ರಿ? ನಮ್ಮ ಮಾವನೋರಿಗೂ ಇಳೀತಿತ್ತು, ಒದರಾಡಿ ಮನಿ ಹಾರಸತಿದ್ರು.”

ಅವ್ವ ಮತ್ತೊಮ್ಮೆ ಹೇಳಿದಳು. ಅತ್ತೆ ತಲೆಯಾಡಿಸಿದಳು, ಒಪ್ಪಿ ಅಲ್ಲ. ದೊಡ್ಡವರು ತಮ್ಮದನ್ನು ತಾವೇ ಸಣ್ಣದು ಮಾಡಿ ಹೇಳುತ್ತಾರೆ ಎಂಬಂಥ ಮುಖ ಅದು. ಸೂಜಿಯ ಬಗ್ಗೆ ಮಾತ್ರ ಗಾಬರಿಯಿಂದ ನನ್ನನ್ನು ಪಕ್ಕಕ್ಕೆ ಕರೆದು, ಬಹಳ ಆಗಿದೆಯೇನು ಎಂದು ಕೇಳಿದಳು. ಇಲ್ಲ, ಇದರಿಂದಲೇ ಚೆನ್ನಾಗಿರುತ್ತಾಳೆ ಎಂದೆ.

ಅರ್ಧ ತಾಸಿಗೆ ತಟ್ಟೆ ಬಂತು. ಆ ಮನೆಯಲ್ಲಿ ಅಯ್ಯನವರಿಗಿಂತ ಮೊದಲು ಹಾಕಿದ ತಟ್ಟೆ ಅದೊಂದೇ ಇದ್ದೀತು. ಅವ್ವ ಒಲೆಯ ಪಕ್ಕದ ಗೋಡೆಗೆ ಒರಗಿ ಕುಳಿತು ರೊಟ್ಟಿ ಮುರಿದಳು. ಪಡಸಾಲೆಯಲ್ಲಿ ಅತ್ತೆ ಹೊಸದಾಗಿ ಬಂದ ಹೆಂಗಸೊಬ್ಬಳಿಗೆ ಶ್ರಾವಣದ ಮುಂಜಾನೆಯ ಕಥೆ ಹೇಳುತ್ತಿದ್ದಳು. ಕಣ್ಣಿನ ರೆಪ್ಪೆ ಬಡಿಯಲಿಲ್ಲ, ಮಾರಿ ಮೇಲೆ ಬೆಳದಿಂಗಳ ಹಾಗೆ ನಗು, ನಾವೆಲ್ಲ ಕಾಲು ಮುಟ್ಟಿದೆವು ಎಂದು. ಪ್ರತಿ ಮಾತೂ ಅಡುಗೆಮನೆಗೆ ಕೇಳುತ್ತಿತ್ತು. ಅವ್ವನ ಕೈ ಒಂದು ಸಲ ತಟ್ಟೆಯ ಮೇಲೆ ನಿಂತಿತು. ಎದ್ದು ಹೋಗಿ ಏನಾದರೂ ಹೇಳುತ್ತಾಳೇನೋ ಎಂದು ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ಕಥೆ ಮುಗಿಯುವವರೆಗೂ, ಬೇರೆ ಯಾರದೋ ಸುದ್ದಿ ಕೇಳುವಂತೆ, ತಲೆ ಬಗ್ಗಿಸಿ ಕೇಳಿದಳು.

“ಇನ್ನೊಂದೀಟು ಪಲ್ಯಾ ಹಾಕು,” ಎಂದಳು ಆಮೇಲೆ, ನನ್ನ ಕಡೆ ತಟ್ಟೆ ಸರಿಸಿ.

ಹಾಕಿದೆ. ಅವಳು ಎರಡೂ ರೊಟ್ಟಿ ಉಂಡಳು.